ಅರವಟ್ಟಿಗೆ ಅಯ್ಯನವರ ಗದ್ದುಗೆ

ಹೋದ ವಾರ ಮಗಳಿಗೆ ಒಂದು ಮಂಚ ನೋಡೋಣವೆಂದು ಕೊಳ್ಳೇಗಾಲದ ಮರದಂಗಡಿಗೆ ಹೋಗಿದ್ದೆ. ಒಳಗೆ ಕಾಲಿಟ್ಟೆನೋ ಇಲ್ಲವೋ, ಹಸಿ ವಾರ್ನಿಷ್ ವಾಸನೆ ಮೂಗಿಗೆ ಹೊಡೆಯಿತು. ಅಂಗಡಿಯವನು "ಬನ್ನಿ ಸಾ, ಕುಂತ್ಕಳಿ" ಅಂದ. ನಾನು ಕೂರಲಿಲ್ಲ. ಹೊರಗೆ ಬಂದು ಚರಂಡಿ ಪಕ್ಕದ ಚಪ್ಪಡಿಯ ಮೇಲೆ ಕುಕ್ಕರುಗಾಲಲ್ಲಿ ಕೂತೆ. ಹೆಂಡತಿ ರತ್ನ ಹಿಂದೆಯೇ ಬಂದು ನನ್ನ ಮುಖ ನೋಡಿ, "ಮತ್ತೆ ಅದೇ ನೆಪ್ಪಾಯ್ತಾ?" ಅಂದಳು. ಮಂಚವನ್ನು ಅವಳೇ ಆರಿಸಿದಳು.

ಆ ವಾಸನೆ ನನಗೆ ಗಂಟುಬಿದ್ದದ್ದು ಮೂರು ವರ್ಷದ ಹಿಂದೆ, ದಸರೆಯಿಂದ ಸಂಕ್ರಾಂತಿಯವರೆಗಿನ ಒಂದೇ ಒಂದು ಸೀಸನ್ನಿನಲ್ಲಿ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ನಮ್ಮದು ಎರಡೆಕರೆ ಹೊಲ. ಬದುವಿನ ಮೇಲೆ ನಿಂತರೆ ಬೆಟ್ಟ ಎದುರಿಗೇ. ಜೋಳ ಹಾಕಿದರೆ ಹಂದಿಗೆ, ಬಾಳೆ ಹಾಕಿದರೆ ಆನೆಗೆ, ನಮ್ಮ ಪಾಲಿಗೆ ಉಳಿಯುತ್ತಿದ್ದದ್ದು ಆ ನೋಟ ಮಾತ್ರ. ಬೆಂಗಳೂರಿನ ಒಂದು ಕಂಪನಿಯವರಿಗೆ ಬೇಕಾಗಿದ್ದದ್ದೂ ಅದೇ. ಮರದ ಕ್ಯಾಬಿನ್ನು ಕಟ್ಟುತ್ತೇವೆ, ಪೇಟೆ ಜನ ಬಂದು ಮೂರು ದಿನ ಇದ್ದು ಹಳ್ಳಿ, ಗುಡಿ, ಬೆಟ್ಟ ನೋಡಿಕೊಂಡು ಹೋಗುತ್ತಾರೆ, ಹೊಲವನ್ನು ಹದಿನೈದು ವರ್ಷಕ್ಕೆ ಬರೆದುಕೊಡಿ, ನಿಮಗೂ ಒಂದು ಕೆಲಸ ಕೊಡುತ್ತೇವೆ ಅಂದರು. ಏನು ಓದಿದ್ದೀರಿ ಅಂತ ಕೇಳಿದರು. ಇತಿಹಾಸದಲ್ಲಿ ಬಿ.ಎ. ಅಂದೆ. ಆ ಮಾತನ್ನು ಬಾಯಿಬಿಟ್ಟು ಹೇಳಿ ಇಪ್ಪತ್ತು ವರ್ಷವಾಗಿತ್ತು. ಮೇಷ್ಟ್ರಾಗುತ್ತೇನೆ ಅಂದುಕೊಂಡವನು ಗೊಬ್ಬರದಂಗಡಿ ಕಾದೆ, ಕೊಳ್ಳೇಗಾಲ ಹನೂರು ಅಂತ ಗೂಡ್ಸ್ ಆಟೋ ಓಡಿಸಿದೆ, ಕೊನೆಗೆ ಹಂದಿ ಓಡಿಸುತ್ತಾ ಅಟ್ಟಣೆಯ ಮೇಲೆ ಕೂತಿದ್ದೆ. ಬಂದವರಿಗೆ ಚರಿತ್ರೆ ಹೇಳುವುದೇ ನಿಮ್ಮ ಕೆಲಸ ಅಂದಾಗ ನಾನು ಹಿಂದೆ ಮುಂದೆ ನೋಡಲಿಲ್ಲ.

ಅವ್ವ ನೋಡಿದಳು. ಆ ಹೊಲದ ಮೂಲೆಯಲ್ಲಿ ಅಪ್ಪ ಇದ್ದ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಅಂಗೈಗೆ ಲಿಂಗ ಕೊಟ್ಟು, ಕೂರಿಸಿ, ವಿಭೂತಿ ಬಿಲ್ವಪತ್ರೆ ತುಂಬಿ ಮಣ್ಣು ಮಾಡುತ್ತೇವೆ, ಹೊಲ ಇದ್ದವರು ಅವರವರ ಹೊಲದಲ್ಲೇ. ಅಪ್ಪನ ಮೇಲೆ ಒಂದು ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ಗೇಣುದ್ದದ ಕಲ್ಲು ಬಸವ. ಸಿಮೆಂಟು ಹಸಿಯಿದ್ದಾಗ ನಾನೇ ಮೊಳೆ ಹಿಡಿದು 'ಪುಟ್ಟಬಸಪ್ಪ' ಅಂತ ಬರೆದಿದ್ದೆ. ಅದರ ಎಡಕ್ಕೆ ಒಬ್ಬರಿಗಾಗುವಷ್ಟು ಜಾಗವನ್ನು ಅವ್ವ ಅಪ್ಪ ಹೋದಾಗಿನಿಂದ ಕಾದುಕೊಂಡು ಬಂದಿದ್ದಳು. ಅಲ್ಲಿ ನೇಗಿಲು ಹಾಯಿಸಲು ಬಿಡುತ್ತಿರಲಿಲ್ಲ, ಹಸು ಕಟ್ಟಲು ಬಿಡುತ್ತಿರಲಿಲ್ಲ. ಸೋಮವಾರ ಸೋಮವಾರ ಒಂದು ಚೊಂಬು ನೀರು, ನಾಲ್ಕು ಕಣಗಿಲೆ ಹೂ ತಂದು ಅಪ್ಪನ ಮೇಲಿಟ್ಟು, ಕಟ್ಟೆಗೆ ಒರಗಿ ಕೂತು ವಾರದ ಸುದ್ದಿಯನ್ನೆಲ್ಲ ಒದರಿ, ಬದುಕಿದ್ದಾಗ ಬಯ್ದಂತೆಯೇ ಬಯ್ದು, ತನ್ನ ಜಾಗದ ಕಳೆ ಕಿತ್ತು ಮನೆಗೆ ಬರುತ್ತಿದ್ದಳು.

ಹೊಲ ಅವಳ ಹೆಸರಿನಲ್ಲಿತ್ತು. ಹೆಬ್ಬೆಟ್ಟು ಒತ್ತುವ ದಿನ ನನ್ನನ್ನು ಪಕ್ಕಕ್ಕೆ ಕರೆದು, "ಮೊಗ, ನನ್ ಜಾಗ ಬುಟ್ಟು ಬರ್ಕಳಿ ಅಂತ ಏಳ್ಬುಡು. ನಾ ಕೇಳದು ಅದೊಂದೆಯ" ಅಂದಳು.

"ಏಳಿವ್ನಿ ಕಣವ್ವ" ಅಂದೆ.

ಹೇಳಿರಲಿಲ್ಲ. ಲ್ಯಾಪ್‌ಟಾಪು ಬಿಚ್ಚಿಕೊಂಡು ಕೂತಿದ್ದವರ ಮುಂದೆ, ನಾಳೆಯಿಂದ ಗೈಡ್ ಸಾರ್ ಆಗಬೇಕಾದವನು, ನಮ್ಮವ್ವ ಸತ್ತರೆ ಹೂಳಲು ನಾಲ್ಕಡಿ ಬಿಡಿ ಅಂತ ಹೇಗೆ ಕೇಳಲಿ? ನಾಚಿಕೆಯಾಯಿತು. ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಅವ್ವ ನನ್ನ ಮುಖ ನೋಡಿ, ನಂಬಿ, ಹೆಬ್ಬೆಟ್ಟು ಒತ್ತಿದಳು.

ಆ ವರ್ಷ ಮಳೆಗೆ ಮರ್ಯಾದೆಯೇ ಇರಲಿಲ್ಲ. ಗೌರಿ ಹಬ್ಬಕ್ಕೆ ಹಿಡಿದದ್ದು ದಸರೆ ಬಂದರೂ ಬಿಡಲಿಲ್ಲ. ಲಾರಿಗಳಲ್ಲಿ ಮರದ ಗೋಡೆ, ಮರದ ನೆಲ, ಮರದ ಚಾವಣಿ ಬಂದು ಕೆಸರಿನ ನಡುವೆ ಆರು ಕ್ಯಾಬಿನ್ ಎದ್ದವು. ಥಂಡಿಗೆ ವಾರ್ನಿಷ್ ಒಣಗದೆ ಅದರ ವಾಸನೆ ಊರೊಳಗಿನವರೆಗೂ ಬರುತ್ತಿತ್ತು. ಮ್ಯಾನೇಜರು ಕಿರಣ್ ಅಂತ, ಮೈಸೂರಿನವನು. ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವನು, ಒಂದು ದಿನಕ್ಕೂ ನನ್ನನ್ನು ಏಕವಚನದಲ್ಲಿ ಕರೆದವನಲ್ಲ. ಅವನನ್ನು ಬಯ್ಯೋಣವೆಂದರೆ ಈಗಲೂ ನನಗೆ ಒಂದು ಕಾರಣ ಸಿಗುವುದಿಲ್ಲ.

ದಸರೆಗೆ ನಾಲ್ಕು ದಿನ ಇತ್ತು. ನಾಲ್ಕನೇ ಕ್ಯಾಬಿನ್ನಿನ ಜಗುಲಿಯ ಮೇಲೆ ನಿಂತು ಕಿರಣ್ ಮೂಲೆಯ ಕಡೆ ಕೈ ತೋರಿಸಿದ. "ಮಹದೇವಸ್ವಾಮಿಯವರೇ, ಅದು ಸಮಾಧಿ ಅಲ್ವಾ? ಗೆಸ್ಟುಗಳು ಬೆಳಿಗ್ಗೆ ಇಲ್ಲೇ ಕೂತು ತಿಂಡಿ ತಿನ್ನೋದು. ಯಾರದಾದ್ರೂ..."

ಅವನು ಅಷ್ಟೇ ಹೇಳಿದ್ದು. ತೆಗೆಸಿ ಅನ್ನಲಿಲ್ಲ. ಆದರೆ ಅವನ ಹಿಂದೆ ದಾರಿ ಸಮ ಮಾಡುತ್ತಿದ್ದ ಜೆಸಿಬಿ ನಿಂತಿತ್ತು, ನನ್ನ ಕಣ್ಣು ಅದರ ಮೇಲಿತ್ತು.

"ಅದು ಹಳೇದು ಸಾ. ಮುನ್ನೂರು ವರ್ಷದ್ದು. ಒಬ್ಬ ಶರಣರ ಗದ್ದುಗೆ" ಅಂದುಬಿಟ್ಟೆ. ನನ್ನ ನಾಲಿಗೆಗೆ ಹುಳ ಬೀಳ.

ಕಿರಣನ ಮುಖ ಅರಳಿತು. "ನಮ್ ಜಾಗದಲ್ಲೇ ಹಿಸ್ಟರಿ ಇಟ್ಕೊಂಡು ಸುಮ್ನಿದ್ದೀರಲ್ರೀ! ಯಾರು ಆ ಶರಣರು?"

ಅಪ್ಪ ಬೇಸಿಗೆಯಲ್ಲಿ ಹೊಲದ ಅಂಚಿನ ಹೊಂಗೆ ಮರದ ಕೆಳಗೆ ಎರಡು ಗಡಿಗೆ ಇಟ್ಟು ಬೆಟ್ಟಕ್ಕೆ ನಡೆದು ಹೋಗುವವರಿಗೆ ನೀರು ಕೊಡುತ್ತಿದ್ದ. ಯಾವ ಪುಣ್ಯಕ್ಕೂ ಅಲ್ಲ, ಮಾತಾಡಲು ಜನ ಬೇಕಾಗಿತ್ತು ಅಷ್ಟೆ. ಅದೇ ನೆನಪಾಗಿ, "ಅರವಟ್ಟಿಗೆ ಅಯ್ಯನವರು" ಅಂದೆ. ನಾಳೆಯೇ ಬೋರ್ಡು ಬರೆಸೋಣ ಅಂದ ಕಿರಣ್.

ಆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಉಳಿ ಸುತ್ತಿಗೆ ತಗೊಂಡು ಹೋಗಿ ಕೂತೆ. ಅಪ್ಪನ ಹೆಸರಿನಲ್ಲಿ ಐದಕ್ಷರ. 'ಪು' ಬೇಗ ಹೋಯಿತು. 'ಪ್ಪ' ಮಾತ್ರ ಆಳಕ್ಕೆ ಇಳಿದಿತ್ತು, ಕೆತ್ತಿದಷ್ಟೂ ಕಾಣುತ್ತಿತ್ತು. ಆಮೇಲೆ ಮಜ್ಜಿಗೆಗೆ ಸಗಣಿ ನೀರು ಬೆರೆಸಿ ಕಟ್ಟೆಯ ಮೇಲೆಲ್ಲ ಸುರಿದೆ. ಹಾಗೆ ಸುರಿದರೆ ಪಾಚಿ ಬೇಗ ಹಿಡಿಯುತ್ತದೆ ಅಂತ ಗಾರೆಯವರು ಹೇಳುವುದನ್ನು ಕೇಳಿದ್ದೆ. ಆ ಮಳೆಗೆ ಎಂಟೇ ದಿನದಲ್ಲಿ ಹಸಿರು ಹತ್ತಿತು. ಇಷ್ಟೆಲ್ಲ ಗೊತ್ತಿದ್ದದ್ದು ರತ್ನಳಿಗೆ ಮಾತ್ರ.

"ನೀವ್ ಮಾಡಿರದು ಚೆನ್ನಾಗಿಲ್ಲ ಕಣ್ರಿ. ಅತ್ತೆಮ್ಮಂಗೆ ಏಳ್ಬುಡಿ" ಅಂದಳು.

"ಅವ್ಳಿಗೆ ಓದಕ್ ಬರಲ್ಲ ಬುಡು" ಅಂದೆ. ಎಂಥ ಮಾತು! ಹೆತ್ತ ತಾಯಿಯ ಬಗ್ಗೆ ಬಿ.ಎ. ಓದಿದ ಮಗ ಆಡಿದ ಮಾತು.

ಅಪ್ಪ ಉಳಿದ, ಜೆಸಿಬಿ ಅತ್ತ ಹೋಗಲಿಲ್ಲ. ಅದೊಂದು ನೆಮ್ಮದಿಯಲ್ಲಿ ಸೀಸನ್ ಶುರುವಾಯಿತು. ಮೊದಲ ದಿನ ಯಳಂದೂರಿನ ಬಳೆಮಂಟಪ, ಎರಡನೇ ದಿನ ಬೆಟ್ಟ, ಮೂರನೇ ದಿನ ಕೊಳ್ಳೇಗಾಲದ ರೇಷ್ಮೆ ಮಗ್ಗ ತೋರಿಸಿ ಶಿವನಸಮುದ್ರದ ಹೊಳೆ ದಾಟಿಸಿ ಕಳಿಸುವುದು. ಸುಳ್ಳು ಹೇಳಬಾರದು, ನಾನು ಚೆನ್ನಾಗಿ ಹೇಳುತ್ತಿದ್ದೆ. ಬಳೆಮಂಟಪದಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಬಳೆಗಳ ಸರಪಳಿ ತೋರಿಸುವಾಗ ನನಗೇ ಮೈ ಜುಮ್ಮೆನ್ನುತ್ತಿತ್ತು. ಕಾಲೇಜಿನಲ್ಲಿ ಓದಿದ್ದೆಲ್ಲ ಎಲ್ಲೋ ಒಳಗೆ ಕೊಳೆಯದೆ ಉಳಿದಿತ್ತಲ್ಲ ಅಂತ ಸಂತೋಷವಾಗುತ್ತಿತ್ತು. ಅಲ್ಲಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸಂಜೆ ಹೊತ್ತಿಗೆ ವ್ಯಾನು ಹೊಲಕ್ಕೆ ಬರುತ್ತಿತ್ತು. ಮಂಜು ಬೆಟ್ಟದಿಂದ ಇಳಿದು ಹೊಂಗೆ ಮರದವರೆಗೂ ಬಂದಿರುತ್ತಿತ್ತು. ಜನ ಕೈಯಲ್ಲಿ ಕಾಫಿ ಹಿಡಿದು ಕಟ್ಟೆಯ ಸುತ್ತ ನಿಲ್ಲುತ್ತಿದ್ದರು. ಆಗ ನಾನು ಅಯ್ಯನವರ ಕಥೆ ಹೇಳುತ್ತಿದ್ದೆ. ಬರಗಾಲದಲ್ಲಿ ಬೆಟ್ಟದಿಂದ ಇಳಿದು ಬಂದರು, ಗಡಿಗೆಯಲ್ಲಿ ನೀರು ಬತ್ತಲಿಲ್ಲ, ಕೊನೆಗೆ ಇಲ್ಲೇ ಕೂತವರು ಏಳಲಿಲ್ಲ. ಮೊದಲು ಐದು ನಿಮಿಷದ್ದಾಗಿದ್ದ ಕಥೆ ನವೆಂಬರ್ ಹೊತ್ತಿಗೆ ಅರ್ಧ ಗಂಟೆಯಾಗಿತ್ತು. ಕೆಲವರು ಕಣ್ಣೊರೆಸಿಕೊಂಡು ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದರು. ಅಪ್ಪನಿಗೆ ಇಷ್ಟು ಜನ ಕೈ ಮುಗಿದರಲ್ಲ, ಮುಗಿಯಲಿ ಬಿಡು ಅಂತ ಒಳಗೊಳಗೇ ಖುಷಿಪಟ್ಟದ್ದೂ ಉಂಟು.

ಅವ್ವನಿಗೆ ಮಾತ್ರ, ಜನ ಏಳುವ ಮೊದಲೇ ಹಿಂದಿನ ಬೇಲಿಯ ಸಂದಿಯಿಂದ ಬಂದು ಹೋಗು ಅಂದಿದ್ದೆ. ಅವಳು ಹಾಗೇ ಬರುತ್ತಿದ್ದಳು. ಓದಲು ಬರದಿದ್ದರೂ ಬೆರಳಿಗೆ ಆ ಅಕ್ಷರಗಳ ಗುರುತಿತ್ತು. ಮೊದಲ ಸೋಮವಾರವೇ ಕಟ್ಟೆ ಸವರಿ, "ಇಲ್ಲಿದ್ದ ಎಸ್ರು ಎತ್ತಗೋಯ್ತು ಮೊಗ?" ಅಂದಳು.

"ಮಳೆಗ್ ಸವೆದೋಯ್ತು ಕಣವ್ವ."

"ಆಗ್ಲೆಯ?" ಅಂದಳು. ಮತ್ತೆ ಕೇಳಲಿಲ್ಲ. ಪಕ್ಕದಲ್ಲಿ ನೆಟ್ಟಿದ್ದ ಬೋರ್ಡಿಗೆ ತನ್ನ ಸೆರಗು ಸಿಕ್ಕಿಕೊಂಡರೆ ಬಿಡಿಸಿಕೊಂಡು ಹೋಗುತ್ತಿದ್ದಳು.

ಕಾರ್ತಿಕದ ಕಡೇ ಸೋಮವಾರ ಬೆಳಗಿನಿಂದ ಮಳೆ. ನಿಂತದ್ದು ಸಂಜೆಗೆ. ನಾನು ಎಂಟು ಜನರನ್ನು ನಿಲ್ಲಿಸಿಕೊಂಡು ಕಥೆಯ ನಡುಮಧ್ಯದಲ್ಲಿದ್ದೆ, ಪಕ್ಕದಲ್ಲಿ ಕಿರಣನೂ ಇದ್ದ. ತಲೆಯೆತ್ತಿ ನೋಡುತ್ತೇನೆ, ಜನರ ಹಿಂದೆ ಚೊಂಬು ಹಿಡಿದು ಅವ್ವ ನಿಂತಿದ್ದಾಳೆ! ಬೆಳಿಗ್ಗೆ ಬರಲಾಗಲಿಲ್ಲ, ಕಾರ್ತಿಕದ ಸೋಮವಾರ ತಪ್ಪಿಸಬಾರದು ಅಂತ ಬಂದಿದ್ದಾಳೆ. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ ಗೊತ್ತಿಲ್ಲ. ನನ್ನ ಮಾತು ತೊದಲಿತು. ಮುಂದೆ ನಿಂತಿದ್ದ ಒಬ್ಬ ರಿಟೈರ್ಡ್ ಲೆಕ್ಚರರಮ್ಮ ಆ ಸಂದಿನಲ್ಲೇ ಕೇಳಿದರು: "ಅಯ್ಯನವರಿಗೆ ಸಂಸಾರ ಏನಾದ್ರೂ ಇತ್ತಾ?"

ಇಲ್ಲಿಗೇ ನಿಲ್ಲಿಸಬಹುದಿತ್ತು. ಇದು ನಮ್ಮಪ್ಪನ ಸಮಾಧಿ ಕಣಮ್ಮ, ಅಗೋ ನಮ್ಮವ್ವ ಅಂದಿದ್ದರೆ ಏನಾಗುತ್ತಿತ್ತು? ನಗುತ್ತಿದ್ದರು, ಬಯ್ಯುತ್ತಿದ್ದರು, ಕೆಲಸ ಹೋಗುತ್ತಿತ್ತು. ನಾನು ಅವ್ವನ ಮುಖ ನೋಡಿಕೊಂಡೇ, "ಇಲ್ಲ ಮೇಡಂ. ಅವರು ಸಂಸಾರಕ್ಕೆ ಬಿದ್ದವರಲ್ಲ. ಹೆಂಡತಿ ಮಕ್ಕಳು ಅಂತ ಯಾರೂ ಇರಲಿಲ್ಲ" ಅಂದೆ.

ಆಯಮ್ಮ ತಿರುಗಿ ಅವ್ವನನ್ನು ನೋಡಿದರು. "ಅಜ್ಜಿ, ನೀವೂ ಪೂಜೆಗೆ ಬಂದ್ರಾ? ನಿಮ್ಗೆ ಗೊತ್ತಾ ಇವರ ಬಗ್ಗೆ?"

ಅವ್ವ ನನ್ನನ್ನು ನೋಡಲಿಲ್ಲ. "ನಂಗೇನ್ ಗೊತ್ತವ್ವ, ದೊಡ್ಡೋರು ಅವ್ರು. ಬಾಯಾರ್ದೋರ್ಗೆ ನೀರ್ ಕೊಡೋರಂತೆ" ಅಂದಳು.

ಎಂದೂ ಚಪ್ಪಲಿ ಬಿಡದೆ ನೇರ ಹೋಗಿ ಕಟ್ಟೆಗೆ ಒರಗುತ್ತಿದ್ದವಳು ಅಂದು ದೂರದಲ್ಲೇ ಚಪ್ಪಲಿ ಬಿಟ್ಟಳು. ಸೆರಗು ಹೊದ್ದು, ನೀರು ಇಟ್ಟು, ಹೂ ಇಟ್ಟು, ಒದ್ದೆ ನೆಲದ ಮೇಲೆ ಉದ್ದಕ್ಕೆ ಅಡ್ಡಬಿದ್ದಳು. ಐವತ್ತು ವರ್ಷ ಬಾಳಿದ ಗಂಡನಿಗೆ ಯಾರೋ ಪರಸ್ಥಳದ ಸ್ವಾಮಿಗಳಿಗೆ ಬೀಳುವಂತೆ ಬಿದ್ದಳು. ಒಬ್ಬರು ಫೋಟೋ ತೆಗೆದರು. ತನ್ನ ಜಾಗದ ಕಡೆ ಅವ್ವ ಕಣ್ಣೂ ಹಾಯಿಸಲಿಲ್ಲ, ಕಳೆ ಕೀಳಲಿಲ್ಲ. ಎದ್ದು ಸೀರೆಯ ಕೆಸರನ್ನೂ ಕೊಡವದೆ ಮುಂದಿನ ಗೇಟಿನಿಂದಲೇ ಹೊರಟು ಹೋದಳು.

ಮನೆಯಲ್ಲಿ ಬಯ್ಯುತ್ತಾಳೆ ಅಂದುಕೊಂಡಿದ್ದೆ. ಪೊರಕೆ ತಗೊಂಡು ಬಾರಿಸಿದ್ದರೂ ತಲೆಕೊಟ್ಟು ನಿಲ್ಲುತ್ತಿದ್ದೆ. ಏನೂ ಇಲ್ಲ. "ಉಣ್ಣು ಬಾ" ಅಂದಳು. ಮರು ಸೋಮವಾರ ಅವಳು ಚೊಂಬು ಮುಟ್ಟಲಿಲ್ಲ, ಅದರ ಮರು ಸೋಮವಾರವೂ ಇಲ್ಲ. ರತ್ನ ಕರೆದರೆ, "ಮಂಡಿ ನೋವು ಕಣವ್ವ" ಅನ್ನುತ್ತಿದ್ದಳು.

ಮಳೆ ನಿಂತದ್ದೇ ಚಳಿ ಶುರುವಾಯಿತು. ಧನುರ್ಮಾಸದ ಚಳಿ ಆ ವರ್ಷ ಹಿಡಿದರೆ ಬಿಡುವಂತಿರಲಿಲ್ಲ. ಅವ್ವನಿಗೆ ಕೆಮ್ಮು ಬಂತು, ಕೆಮ್ಮಿನ ಹಿಂದೆ ಉಬ್ಬಸ. ಕೊಳ್ಳೇಗಾಲದಲ್ಲಿ ಡಾಕ್ಟರು ಎದೆಯ ಫೋಟೋ ನೋಡಿ, ವಯಸ್ಸಾಗಿದೆ, ಮನೇಲೇ ಚೆನ್ನಾಗಿ ನೋಡ್ಕೊಳಿ ಅಂದರು. ಅದರ ಅರ್ಥ ನನಗೂ ಆಯಿತು, ಅವಳಿಗೂ ಆಯಿತು. ವ್ಯಾನಿನಲ್ಲಿ ವಾಪಸ್ ಬರುವಾಗ ಹೇಳಿದಳು:

"ಕೆರೆತಾವ ಊರೋರ್ನ ಮಣ್ ಮಾಡೋ ಜಾಗ ಅದೆಯಲ್ಲ ಮೊಗ, ನನ್ನ ಅಲ್ಲಿಗೇ ಆಕ್ಬುಡು."

"ಯಾಕವ್ವ ಅಂಗಂದಿಯೇ? ಅಪ್ಪನ್ ಪಕ್ಕ ನಿನ್ ಜಾಗ..."

"ಯಾವಪ್ಪ? ಅವ್ರಿಗೆ ಎಂಡ್ತಿ ಮಕ್ಳು ಯಾರೂ ಇರ್ನಿಲ್ವಂತಲ್ಲ."

ದನಿಯಲ್ಲಿ ಸಿಟ್ಟಿಲ್ಲ, ಕೊಂಕಿಲ್ಲ. ಯಾರೋ ತಿಳಿದವರು ಹೇಳಿದ್ದನ್ನು ಒಪ್ಪಿಕೊಂಡಂತೆ ಹೇಳಿದಳು. ಬದುಕಿದ್ದಾಗಲೇ ನಮ್ಮವ್ವನನ್ನು ಅವಳ ಗಂಡನಿಂದ ಬಿಡಿಸಿದವನು ನಾನು.

ಮರುದಿನ ಬೆಳಿಗ್ಗೆಯೇ ಕಿರಣನ ಹತ್ತಿರ ಹೋದೆ. ವರ್ಷದ ಕೊನೆಯ ವಾರ, ಆರೂ ಕ್ಯಾಬಿನ್ ಭರ್ತಿ. ಅವನನ್ನು ಅಡುಗೆಮನೆಯ ಹಿಂದಕ್ಕೆ ಕರೆದು ಎಲ್ಲ ಹೇಳಿದೆ. ಅಯ್ಯನೂ ಇಲ್ಲ, ಶರಣರೂ ಇಲ್ಲ, ಅದು ನಮ್ಮಪ್ಪ. ಅವ್ವ ಇನ್ನು ಹೆಚ್ಚು ದಿನ ಇರಲ್ಲ, ಪಕ್ಕದಲ್ಲಿ ಜಾಗ ಕೊಡಿ, ಕೈ ಮುಗಿದು ಕೇಳ್ತೀನಿ ಅಂದೆ.

ಕಿರಣ್ ಸಿಲಿಂಡರಿನ ಮೇಲೆ ಕೂತುಬಿಟ್ಟ. "ಅವತ್ತು ನಾನು, ಯಾರದಾದ್ರೂ ಮನೆಯವರದ್ದಾ ಅಂತ ಕೇಳಕ್ಕೆ ಹೊರಟಿದ್ದೆ" ಅಂದ. "ನಮ್ಮಜ್ಜನ್ನೂ ನಮ್ ತೋಟದಲ್ಲೇ ಇಟ್ಟಿರೋದು. ನಿಮ್ಮ ತಂದೇದು ಅಂದಿದ್ರೆ ಆ ಮೂಲೆ ಬಿಟ್ಟು ಬೇಲಿ ಹಾಕಿಸ್ತಿದ್ದೆ. ಅಷ್ಟೇ ಇದ್ದದ್ದು ಮಾತು. ಯಾಕ್ರೀ ಹೀಗ್ ಮಾಡಿದ್ರಿ?"

ಅಯ್ಯೋ, ಅಷ್ಟೇ ಇದ್ದದ್ದು ಮಾತು! ಈಗಲೂ ಒಬ್ಬನೇ ಇರುವಾಗ ಆ ಮಾತು ಕಿವಿಯಲ್ಲಿ ಕೇಳುತ್ತದೆ. ಒಂದು ಉಸಿರು ತಡೆದಿದ್ದರೆ, ಅವನ ಮಾತು ಮುಗಿಯಲು ಬಿಟ್ಟಿದ್ದರೆ ಸಾಕಾಗಿತ್ತು.

ಅವನು ಬೆಂಗಳೂರಿಗೆ ಕೇಳಿದ. ಎರಡು ದಿನ ಬಿಟ್ಟು ತಲೆ ತಗ್ಗಿಸಿಕೊಂಡು ಬಂದ. ಗದ್ದುಗೆಯ ಹೆಸರು ಹೇಳಿಯೇ ಜನರನ್ನು ಕರೆಯುತ್ತಿದ್ದಾರಂತೆ, ಅದರ ಪಕ್ಕದಲ್ಲಿ ಈಗ ಗುಂಡಿ ತೆಗೆದರೆ ಕಂಪನಿಯೇ ಮೋಸ ಮಾಡಿದ ಹಾಗಾಗುತ್ತದಂತೆ, ಸಂಕ್ರಾಂತಿಗೆ ಸೀಸನ್ ಮುಗಿಯಲಿ, ಆಮೇಲೆ ಕೂತು ಮಾತಾಡೋಣ ಅಂದರಂತೆ. ಜಗಳವಾಡಲು ನನಗೆ ಬಾಯಿ ಎಲ್ಲಿತ್ತು? ಮೋಸ ಮಾಡಿದವನು ನಾನೇ ತಾನೆ.

ಮನೆಗೆ ಬಂದು ಅವ್ವನ ಕಾಲ ಹತ್ತಿರ ಕೂತು, "ಅವ್ವ, ಸಂಕ್ರಾಂತಿ ಗಂಟ ಇರವ್ವ. ಆಮೇಲ್ ಕೊಡ್ತಾರೆ" ಅಂದೆ. ಹೆತ್ತವಳಿಗೆ ಸಾಯುವುದನ್ನು ಮುಂದಕ್ಕೆ ಹಾಕು ಅಂದ ಮಗ ಇನ್ನೊಬ್ಬ ಇದ್ದರೆ ತೋರಿಸಿ.

ಅವ್ವ ಉಬ್ಬಸದ ನಡುವೆಯೂ ನಕ್ಕಳು. "ನಾ ಯಾನ ಬಸ್ಸಿಗ್ ಓಯ್ತಿವ್ನಾ ಮೊಗ, ಇದ್ ಬುಟ್ಟು ಮುಂದಿನ್ದಕ್ ಓಯ್ತೀನಿ ಅನ್ನಕ್ಕೆ?" ಅಂದಳು. ಆಮೇಲೆ ನನ್ನ ತಲೆ ನೇವರಿಸಿ, "ನಿಂಗೆ ಕೆಲ್ಸ ಸಿಕ್ತಲ್ಲ, ಅಷ್ಟೇ ಬುಡು" ಅಂದಳು. ನಾನು ಗೋಡೆಗೆ ತಲೆಯೊತ್ತಿ ಅತ್ತೆ.

ಸಂಕ್ರಾಂತಿಗೆ ಇನ್ನೂ ಆರು ದಿನ ಇರುವಾಗ, ರತ್ನ ಹಿಚುಕಿದ ಅವರೆಬೇಳೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಹೊತ್ತಿಗೆ, ಅವ್ವ ಒಂದು ಸಲ ನೀರು ಕೇಳಿದಳು, ಕುಡಿದಳು, ಹೋದಳು.

ನಮ್ಮೂರಲ್ಲಿ ಯಾರಾದರೂ ಹೋದರೆ ಎಲ್ಲಿ ಅಗೆಯಬೇಕು ಅಂತ ಯಾರೂ ಕೇಳುವುದಿಲ್ಲ. ಯಾರ ಜಾಗ ಎಲ್ಲಿ ಅಂತ ಎಲ್ಲರಿಗೂ ಗೊತ್ತು. ಸುದ್ದಿ ಕೇಳಿದ್ದೇ ಚಿಕ್ಕಪ್ಪ, ಅಂದರೆ ಅಪ್ಪನ ತಮ್ಮ, ಹಾರೆ ಗುದ್ದಲಿ ಹೊರಿಸಿಕೊಂಡು ನಾಲ್ಕು ಆಳಿನ ಜೊತೆ ಹೊಲದ ದಾರಿ ಹಿಡಿದಿದ್ದ. ನಾನು ಹಿಂದೆ ಓಡಿದೆ. ಗೇಟಿನ ಹತ್ತಿರ ಸಿಕ್ಕಿದರು.

"ಅಲ್ಲಲ್ಲ ಚಿಕ್ಕಪ್ಪ. ಕೆರೆತಾವ."

"ಯಾಕ್ಲಾ? ಅತ್ಗೆ ಜಾಗ ಇಲ್ಲೇ ಅದೆಯಲ್ಲ."

"ಅವ್ವನೇ ಅಲ್ ಬ್ಯಾಡ ಅಂದ್ಲು."

ಚಿಕ್ಕಪ್ಪ ನನ್ನನ್ನು ನೋಡಿದ, ಗೇಟಿನ ಆಚೆಯ ಬೋರ್ಡು ನೋಡಿದ. ಅವನಿಗೆ ಓದಲು ಬರುತ್ತದೆ. ಪೂರ್ತಿ ಓದಿದ. ಕ್ಯಾಕರಿಸಿ ಪಕ್ಕಕ್ಕೆ ಉಗಿದು, ಗುದ್ದಲಿ ಹೆಗಲು ಬದಲಿಸಿ ಕೆರೆಯ ಕಡೆ ತಿರುಗಿದ. ಅವತ್ತಿನಿಂದ ನನ್ನನ್ನು ಮಾತಾಡಿಸಿಲ್ಲ.

ಕೆರೆ ಹತ್ತಿರದ ಜಾಗ ಜೌಗು. ಅಗೆದಷ್ಟೂ ಗುಂಡಿಯ ಬುಡದಲ್ಲಿ ನೀರು ಜಿನುಗುತ್ತಿತ್ತು. ಒಂದು ಮಂಕರಿ ಉಪ್ಪು, ಒಣ ಮಣ್ಣು ಸುರಿದು ತಳ ಗಟ್ಟಿ ಮಾಡಿ, ಕೂರಿಸಲು ಒಳಗೋಡೆಯಲ್ಲಿ ಗೂಡು ಕೊರೆಯಲು ಚಿಕ್ಕಪ್ಪ ಇಳಿದ. ಆಗ ನಾನು, ಕ್ರಿಯೆ ಮಾಡಿಸಲು ಬಂದಿದ್ದ ಮಠದ ಅಯ್ನೋರ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ: "ಬುದ್ಧಿ, ಮುಖ ತೆಂಕಲಿಗೆ ಮಾಡಿ ಕೂರಿಸಬಹುದಾ?" ನಮ್ಮ ಹೊಲ ಅಲ್ಲಿಂದ ತೆಂಕಲಿಗೆ ಬರುತ್ತದೆ. ನಡುವೆ ನಾಲ್ಕು ಗದ್ದೆ, ಒಂದು ಕಾಲುವೆ.

"ತೆಂಕಲಿಗೆ ಯಾರನ್ನಾದ್ರೂ ಕೂರಿಸ್ತಾರೇನಪ್ಪ? ಓದಿದೋನು ನೀನು" ಅಂದರು ಅಯ್ನೋರು. "ಬಡಗಲಿಗೇ ಆಗ್ಬೇಕು."

ಬಡಗಲಿಗೇ ಗೂಡು ಕೊರೆದರು. ಅವ್ವನ ಹಣೆಗೆ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಲಿಂಗವಿಟ್ಟು, ಬೆರಳು ಮಡಿಸಿ, ಇಬ್ಬರು ಹಿಡಿದು ಒಳಗೆ ಕೂರಿಸಿದರು. ಅಪ್ಪನ ಕಡೆಗೆ ಬೆನ್ನು ಹಾಕಿ ಕೂತಳು. ಮೊದಲ ಹಿಡಿ ಮಣ್ಣು ಮಗನೇ ಹಾಕಬೇಕು ಅಂದರು. ಹಾಕಿದೆ.